ಮೂಲ ಗೊತ್ತಿಲ್ಲದ ಹಳೇ ಪ್ರೊಸೆಸರ್: ಆನ್‌ಲೈನ್‌ನಲ್ಲಿ ಕೊಳ್ಳುವ ಮುನ್ನ, ಕೈಗೆ ಬಂದ ಮೇಲೆ

"ಆನ್‌ಲೈನ್‌ನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ನೋಡಿದೆ. ರೇಟು ತುಂಬಾ ಕಡಿಮೆ. ಎಲ್ಲಿಂದ ಬಂದಿದ್ದು ಅಂತ ಮಾರುವವರು ಹೇಳುತ್ತಿಲ್ಲ. ತಗೊಳ್ಳಬಹುದಾ?" ನನಗೆ ಪದೇ ಪದೇ ಬರುವ ಪ್ರಶ್ನೆ ಇದು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ.

ತಗೊಳ್ಳಬಹುದು ಅನ್ನುವುದೇ ನನ್ನ ಉತ್ತರ. ಫ್ಯಾನ್, ಹಾರ್ಡ್ ಡಿಸ್ಕ್ ಇವೆಲ್ಲ ತಿರುಗಿ ತಿರುಗಿ ಸವೆಯುತ್ತವೆ. ಪ್ರೊಸೆಸರ್‌ನಲ್ಲಿ ತಿರುಗುವ ಭಾಗವೇ ಇಲ್ಲ. ಆಫೀಸ್ ಕಂಪ್ಯೂಟರಿನಲ್ಲಿ ಎಂಟು ಹತ್ತು ವರ್ಷ ದುಡಿದ ಚಿಪ್ ಕೂಡ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಹಾಗಾಗಿ ವಯಸ್ಸಿಗೆ ಹೆದರಬೇಡಿ. ಹೆದರಬೇಕಾದದ್ದು ಹೆಸರು ಒಂದು, ಚಿಪ್ ಇನ್ನೊಂದು ಆಗಿರುವುದಕ್ಕೆ. ಮಾರಾಟಕ್ಕೆ ಅಲ್ಲದ ಮಾದರಿ ಚಿಪ್, ಒಂದೇ ಕಂಪನಿಯ ಮದರ್‌ಬೋರ್ಡ್‌ಗೆ ಬೀಗ ಬಿದ್ದ ಚಿಪ್, ಬೇರೆ ಹೆಸರು ಕೆತ್ತಿದ ಚಿಪ್, ಒಳಗೇ ಏಟು ತಿಂದ ಚಿಪ್, ಎಲ್ಲವೂ ಫೋಟೋದಲ್ಲಿ ಒಂದೇ ಥರ ಕಾಣುತ್ತವೆ. ಇವನ್ನು ಬೇರೆ ಮಾಡುವ ಕೆಲಸ ಅರ್ಧ ದುಡ್ಡು ಕೊಡುವ ಮುಂಚೆ ಆಗಬೇಕು, ಇನ್ನರ್ಧ ವಾಪಸ್ ಕಳಿಸುವ ಗಡುವಿನ ಒಳಗೆ.

ಏನೇನು ಸಿದ್ಧ ಇರಬೇಕು

ಚಿಪ್ ಬಂದ ಮೇಲೆ ಬೋರ್ಡ್ ಹುಡುಕುತ್ತಾ ಕೂತರೆ ರಿಟರ್ನ್ ದಿನಗಳು ಸುಮ್ನೆ ಕಳೆದುಹೋಗುತ್ತವೆ. ಆರ್ಡರ್ ಮಾಡುವ ಮುಂಚೆಯೇ ಇವು ಕೈಯಲ್ಲಿರಲಿ: ಕೆಲಸ ಮಾಡುತ್ತಿರುವ ಮದರ್‌ಬೋರ್ಡ್, ಕನಿಷ್ಠ ಎರಡು ರ್‍ಯಾಮ್ ಕಡ್ಡಿ, ನಂಬಿಕೆಯ ಪವರ್ ಸಪ್ಲೈ, ಸರಿಹೊಂದುವ ಕೂಲರ್, ಥರ್ಮಲ್ ಪೇಸ್ಟ್, ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೂಲು ಬಿಡದ ಬಟ್ಟೆ, ಒಂದು ಪೆನ್ ಡ್ರೈವ್. ಚಿಪ್‌ನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಗ್ರಾಫಿಕ್ಸ್ ಕಾರ್ಡ್ ಕೂಡ ಬೇಕು. ಈಗ ಬೋರ್ಡ್‌ನಲ್ಲಿರುವ ಹಳೇ ಪ್ರೊಸೆಸರನ್ನು ಮಾರಿಬಿಡಬೇಡಿ. ಬಯೋಸ್ (ಬೋರ್ಡ್ ಒಳಗೆ ಕೂತು ಕಂಪ್ಯೂಟರನ್ನು ಎಬ್ಬಿಸುವ ತಂತ್ರಾಂಶ) ಅಪ್‌ಡೇಟ್ ಮಾಡುವುದಕ್ಕೂ, ತಪ್ಪು ಬೋರ್ಡ್‌ದೋ ಚಿಪ್‌ದೋ ಅಂತ ತಿಳಿಯುವುದಕ್ಕೂ ಅದು ಬೇಕೇ ಬೇಕು.

1. ನಿಮ್ಮ ಬೋರ್ಡ್ ಏನನ್ನು ಒಪ್ಪುತ್ತದೆ, ನೋಡಿ

ಚಿಪ್ ಕೂರುವ ಜಾಗಕ್ಕೆ ಸಾಕೆಟ್ ಅಂತಾರೆ. ಸಾಕೆಟ್ ಹೊಂದಿದರೆ ಸಾಕು ಅಂದುಕೊಳ್ಳುವುದೇ ಮೊದಲ ತಪ್ಪು. ಇಂಟೆಲ್‌ನ ಎಲ್‌ಜಿಎ 1151 ಸಾಕೆಟ್ ನೋಡಿ. 6 ಮತ್ತು 7ನೇ ತಲೆಮಾರಿನ ಚಿಪ್‌ಗಳಿಗೂ, 8 ಮತ್ತು 9ನೇ ತಲೆಮಾರಿಗೂ ಅದೇ ಹೆಸರು. ಚಿಪ್ ಸಲೀಸಾಗಿ ಕೂರುತ್ತದೆ ಕೂಡ. ಆದರೆ 100 ಅಥವಾ 200 ಸರಣಿಯ ಬೋರ್ಡ್‌ನಲ್ಲಿ 8ನೇ ತಲೆಮಾರಿನ ಚಿಪ್ ಮಾಮೂಲಿಯಾಗಿ ಓಡುವುದಿಲ್ಲ, ಅದಕ್ಕೆ 300 ಸರಣಿಯ ಬೋರ್ಡ್ ಬೇಕು. ಇಂಟೆಲ್‌ನ ಸರ್ವರ್ ಚಿಪ್ ಜಿಯಾನ್ ಇ3 ವಿ5 ಕೂಡ ಇದೇ ಸಾಕೆಟ್‌ನದು. ಅದು ಬೋರ್ಡ್‌ನಲ್ಲಿ ಸಿ232, ಸಿ236 ಥರದ ಸರ್ವರ್ ಚಿಪ್‌ಸೆಟ್ (ಬೋರ್ಡ್‌ನ ಸಂಪರ್ಕಗಳನ್ನು ನೋಡಿಕೊಳ್ಳುವ ಚಿಪ್) ಇದ್ದರೆ ಮಾತ್ರ ಕೆಲಸ ಮಾಡುತ್ತದೆ.

ಇನ್ನೊಂದು ಚಿಪ್ ಕಂಪನಿ ಎಎಮ್‌ಡಿಯ ಎಎಮ್4 ಸಾಕೆಟ್ ಅದರ ರೈಜೆನ್ ಚಿಪ್‌ಗಳಲ್ಲಿ 1000ರಿಂದ 5000 ಸರಣಿಯವರೆಗೆ ನಡೆದುಬಂತು. ಇಲ್ಲಿ ತೊಂದರೆ ಕೊಡುವುದು ಬಯೋಸ್. ಹಳೇ ಬಯೋಸ್‌ಗೆ ಹೊಸ ಚಿಪ್‌ನ ಗುರುತೇ ಇರುವುದಿಲ್ಲ. ಪರದೆ ಕಪ್ಪಗೆ ಉಳಿಯುತ್ತದೆ, ಚಿಪ್ ಸತ್ತಿದೆ ಅಂತ ನೀವು ಜಗಳಕ್ಕೆ ಹೋಗುತ್ತೀರಿ. ಬೋರ್ಡ್ ತಯಾರಕರ ವೆಬ್‌ಸೈಟಿನಲ್ಲಿ "ಸಿಪಿಯು ಸಪೋರ್ಟ್ ಲಿಸ್ಟ್" ಅಂತ ಇರುತ್ತದೆ. ನಿಮ್ಮ ಚಿಪ್‌ನ ಎದುರಿಗೆ ಯಾವ ಬಯೋಸ್ ಆವೃತ್ತಿ ಬರೆದಿದೆ ನೋಡಿ, ಹಳೇ ಚಿಪ್ ಇರುವಾಗಲೇ ಆ ಆವೃತ್ತಿಗೆ ಏರಿಸಿಬಿಡಿ.

ವಿಂಡೋಸ್ 11 ಹಾಕುವ ಯೋಚನೆ ಇದ್ದರೆ ಇಂಟೆಲ್‌ನಲ್ಲಿ 8ನೇ ತಲೆಮಾರು, ರೈಜೆನ್‌ನಲ್ಲಿ 2000 ಸರಣಿಯಿಂದ ಈಚಿನದನ್ನೇ ನೋಡಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲಿನಕ್ಸ್ ಬಳಸುವವರಿಗೆ ಈ ಚಿಂತೆ ಇಲ್ಲ.

2. ಜಾಹೀರಾತಿನ ಮಾತುಗಳನ್ನು ಬಿಡಿಸಿ ಓದಿ

"ಅನ್‌ಟೆಸ್ಟೆಡ್" ಅಂದರೆ ಪರೀಕ್ಷೆ ಮಾಡಿಲ್ಲ ಅಂತ. ನಾನು ಇದನ್ನು "ಪರೀಕ್ಷೆ ಮಾಡಿದರು, ಓಡಲಿಲ್ಲ" ಅಂತಲೇ ಓದುತ್ತೇನೆ. ಚಿಪ್ ಮಾರುವ ಕೆಲಸವನ್ನೇ ಮಾಡುವವರ ಹತ್ತಿರ ಪರೀಕ್ಷಿಸಲು ಒಂದು ಬೋರ್ಡ್ ಇಲ್ಲ ಅನ್ನುವುದು ನಂಬುವ ಮಾತಲ್ಲ, ಅಲ್ವಾ? "ಪುಲ್ಡ್ ಫ್ರಮ್ ವರ್ಕಿಂಗ್ ಸಿಸ್ಟಮ್" ಅಂದರೆ ಓಡುತ್ತಿದ್ದ ಕಂಪ್ಯೂಟರಿನಿಂದ ಕಳಚಿದ್ದು. ಇದು ಪರವಾಗಿಲ್ಲ, ಆದರೆ ಕಳಚಿದ ಮೇಲೆ ಏನಾಯಿತು ಅನ್ನುವುದನ್ನು ಇದು ಹೇಳುವುದಿಲ್ಲ. "ಆ್ಯಸ್ ಈಸ್" ಅಂದರೆ ಹೇಗಿದೆಯೋ ಹಾಗೆ, ಆಮೇಲೆ ನನ್ನನ್ನು ಕೇಳಬೇಡಿ ಅಂತ.

"ಟ್ರೇ" ಅಥವಾ "ಓಇಎಮ್" ಅಂದರೆ ಡಬ್ಬಿ, ಕೂಲರ್ ಇಲ್ಲದೆ ಕಂಪ್ಯೂಟರ್ ತಯಾರಕರಿಗೆ ಸಗಟಾಗಿ ಹೋಗುವ ಚಿಪ್. ಇದು ಅಸಲಿಯೇ. ಆದರೆ ಇಂಟೆಲ್ ಟ್ರೇ ಚಿಪ್‌ಗಳಿಗೆ ಇಂಟೆಲ್ ನೇರವಾಗಿ ವಾರಂಟಿ ಕೊಡುವುದಿಲ್ಲ, ಮೊದಲು ಮಾರಿದವರನ್ನೇ ಕೇಳಬೇಕು. ಆ ಮೊದಲು ಮಾರಿದವರು ಯಾರು ಅಂತ ನಿಮಗೆ ಗೊತ್ತಿಲ್ಲ. ಹಾಗಾಗಿ ಮೂಲ ತಿಳಿಯದ ಟ್ರೇ ಚಿಪ್‌ಗೆ ವಾರಂಟಿ ಇಲ್ಲ ಅಂತಲೇ ಲೆಕ್ಕ ಹಾಕಿ ಬೆಲೆ ತೂಗಿ.

ಇನ್ನೊಂದು ಮಾತು. ಜಾಹೀರಾತಿನ ತಲೆಬರಹದಲ್ಲಿ ಚಿಪ್ ಹೆಸರಿದ್ದು, ಕೆಳಗೆ ಸಣ್ಣ ಅಕ್ಷರದಲ್ಲಿ "ಇಎಸ್", "ಕ್ಯೂಎಸ್" (ಇವೆರಡೂ ಮಾರಾಟಕ್ಕೆ ಅಲ್ಲದ ಮಾದರಿ ಚಿಪ್), ಅಥವಾ "ಬಾಕ್ಸ್ ಮಾತ್ರ" ಅಂತ ಬರೆದಿರುತ್ತಾರೆ. ಕೊನೆಯ ಸಾಲಿನವರೆಗೂ ಓದಿ. ಖಾಲಿ ಡಬ್ಬಿಗೆ ದುಡ್ಡು ಕೊಟ್ಟ ಮೇಲೆ "ಬರೆದಿತ್ತಲ್ಲ" ಅನ್ನುವ ಉತ್ತರ ಬಂದರೆ ಏನೂ ಮಾಡಲಾಗದು.

3. ಮುಚ್ಚಳದ ಅಕ್ಷರಗಳು

ಚಿಪ್‌ನ ಮೇಲೆ ಒಂದು ಲೋಹದ ಮುಚ್ಚಳ ಇರುತ್ತದೆ. ಬಿಸಿಯನ್ನು ಕೂಲರ್‌ಗೆ ದಾಟಿಸುವುದು ಅದರ ಕೆಲಸ, ಹೀಟ್ ಸ್ಪ್ರೆಡರ್ ಅಂತ ಅದರ ಹೆಸರು. ಅದರ ಮೇಲೆ ಲೇಸರ್‌ನಿಂದ ಕೆತ್ತಿದ ಸಾಲುಗಳೇ ಚಿಪ್‌ನ ಜಾತಕ. ಪೇಸ್ಟ್ ಒರೆಸಿ, ಅಕ್ಷರ ಸ್ಪಷ್ಟವಾಗಿ ಕಾಣುವ ಫೋಟೋ ಕೊಡದವರ ಹತ್ತಿರ ನಾನು ಕೊಳ್ಳುವುದೇ ಇಲ್ಲ.

ಇಂಟೆಲ್ ಚಿಪ್‌ನಲ್ಲಿ ಮೊದಲು ಹುಡುಕಬೇಕಾದದ್ದು ಎಸ್-ಸ್ಪೆಕ್ ಅನ್ನುವ ಐದು ಅಕ್ಷರಗಳ ಕೋಡ್. ಅದು ಎಸ್ ಅಕ್ಷರದಿಂದಲೇ ಶುರುವಾಗುತ್ತದೆ. ಉದಾಹರಣೆಗೆ ಜಿಯಾನ್ ಇ5-2680 ವಿ4 ಚಿಪ್‌ನ ಕೋಡ್ "ಎಸ್‌ಆರ್2ಎನ್7". ಈ ಕೋಡನ್ನು ಇಂಟರ್ನೆಟ್‌ನಲ್ಲಿ ಹುಡುಕಿದರೆ ಅದು ಯಾವ ಚಿಪ್, ಅದರೊಳಗೆ ಕೆಲಸ ಮಾಡುವ ಘಟಕಗಳು, ಅಂದರೆ ಕೋರ್, ಎಷ್ಟು ಅಂತ ಸಿಗುತ್ತದೆ. ಹೆಸರು ಒಂದು ಹೇಳಿ, ಕೋಡ್ ಇನ್ನೊಂದು ಹೇಳಿದರೆ ಕೋಡನ್ನು ನಂಬಿ. ಎರಡೂ ಹೊಂದದ ಚಿಪ್ಪನ್ನು ಕೊಳ್ಳಬೇಡಿ.

ಎಸ್ ಕೋಡ್ ಇರಬೇಕಾದ ಜಾಗದಲ್ಲಿ ಕ್ಯೂ ಅಕ್ಷರದಿಂದ ಶುರುವಾಗುವ ನಾಲ್ಕು ಅಕ್ಷರ ಇದ್ದರೆ, ಜೊತೆಗೆ "ಇಂಟೆಲ್ ಕಾನ್ಫಿಡೆನ್ಶಿಯಲ್" ಅಂತ ಇದ್ದರೆ, ಅದು ಇಎಸ್ ಅಥವಾ ಕ್ಯೂಎಸ್. ಇದರ ಬಗ್ಗೆ 5ನೇ ಹಂತದಲ್ಲಿ ಹೇಳುತ್ತೇನೆ.

ಆಮೇಲೆ ಬ್ಯಾಚ್ ಕೋಡ್. ಇಂಟೆಲ್‌ನಲ್ಲಿ ಮೊದಲ ಅಕ್ಷರ ಜೋಡಿಸಿದ ಕಾರ್ಖಾನೆ, ಎರಡನೆಯದು ವರ್ಷದ ಕೊನೆಯ ಅಂಕಿ, ಮುಂದಿನ ಎರಡು ಅಂಕಿ ವಾರ. "ಎಲ್825" ಅಂತ ಶುರುವಾದರೆ 8ಕ್ಕೆ ಕೊನೆಯಾಗುವ ವರ್ಷದ 25ನೇ ವಾರ. ರೈಜೆನ್‌ನಲ್ಲಿ ಇನ್ನೂ ಸುಲಭ. "1923ಎಸ್‌ಯುಎಸ್" ಅಂತ ಇದ್ದರೆ 2019ರ 23ನೇ ವಾರ. ಈಗ ಬಿಡುಗಡೆಯಾದ ದಿನದ ಜೊತೆ ಹೋಲಿಸಿ. ರೈಜೆನ್ 5 3600 ಮಾರುಕಟ್ಟೆಗೆ ಬಂದದ್ದು 2019ರ ಜುಲೈನಲ್ಲಿ. ಅದಕ್ಕೆ ಕೆಲವು ವಾರ ಮುಂಚಿನ ಕೋಡ್ ಇರುವುದು ಸಹಜ. ಆದರೆ ಆ ಹೆಸರಿನ ಚಿಪ್ ಮೇಲೆ 1740 ಅಂತ ಕಂಡರೆ ಯಾರೋ ಹಳೇ ಚಿಪ್‌ಗೆ ಹೊಸ ಹೆಸರು ಕೊಟ್ಟಿದ್ದಾರೆ. ಈಚಿನ ಹಲವು ಎಎಮ್‌ಡಿ ಚಿಪ್‌ಗಳಲ್ಲಿ 100 ಅಂಕಿಯಿಂದ ಶುರುವಾಗುವ ಉದ್ದದ ಕೋಡ್ ಕೂಡ ಇರುತ್ತದೆ. ರೈಜೆನ್ 5 3600 ಆದರೆ 100-000000031. ಇದನ್ನೂ ಹುಡುಕಿ ತಾಳೆ ನೋಡಿ.

ಅಕ್ಷರದ ರೂಪವನ್ನೂ ಗಮನಿಸಿ. ಹಳೇ ಹೆಸರನ್ನು ಉಜ್ಜಿ ತೆಗೆದು ಹೊಸದಾಗಿ ಕೆತ್ತಿದ್ದರೆ ಮುಚ್ಚಳದ ಮೇಲೆ ಒಂದೇ ದಿಕ್ಕಿನ ಗೀರು ಇರುತ್ತದೆ, ಅಂಚುಗಳು ಮೊಂಡಾಗಿರುತ್ತವೆ. ಅದೇ ಮಾದರಿಯ ಅಸಲಿ ಚಿಪ್‌ನ ನಾಲ್ಕೈದು ಫೋಟೋ ಪಕ್ಕಕ್ಕಿಟ್ಟು ನೋಡಿದರೆ ಅಕ್ಷರದ ದಪ್ಪ, ಸಾಲುಗಳ ಅಂತರ ಕಣ್ಣಿಗೆ ಬೀಳುತ್ತದೆ. ಮುಚ್ಚಳದ ಸುತ್ತ ಅಂಟು ಹೊರಗೆ ಬಂದಿದ್ದರೆ ಅದನ್ನು ಯಾರೋ ಬಿಚ್ಚಿ ಮತ್ತೆ ಅಂಟಿಸಿದ್ದಾರೆ. ತಣ್ಣಗೆ ಓಡಲಿ ಅಂತ ಹವ್ಯಾಸಿಗಳು ಹೀಗೆ ಮಾಡುವುದುಂಟು. ಚಿಪ್ ಚೆನ್ನಾಗಿಯೇ ಇರಬಹುದು, ಆದರೆ ಯಾರ ಕೈ ಅಂತ ಗೊತ್ತಿಲ್ಲದಾಗ ನಾನು ಮುಟ್ಟುವುದಿಲ್ಲ.

4. ಕೆಳಭಾಗದ ಫೋಟೋ ಕೇಳಿ

ಹೆಚ್ಚಿನ ಜಾಹೀರಾತುಗಳಲ್ಲಿ ಮೇಲ್ಭಾಗದ ಫೋಟೋ ಮಾತ್ರ ಇರುತ್ತದೆ. ಏಟು ಬೀಳುವುದು ಜಾಸ್ತಿ ಕೆಳಗೆ.

ಎಎಮ್4 ರೈಜೆನ್‌ನಲ್ಲಿ ಪಿನ್‌ಗಳು ಚಿಪ್‌ನ ಮೇಲೆಯೇ ಇರುತ್ತವೆ, ಒಟ್ಟು 1331. ಒಣಗಿದ ಪೇಸ್ಟ್ ಕೂಲರ್‌ಗೆ ಅಂಟಿಕೊಂಡು, ಕೂಲರ್ ಎಳೆದಾಗ ಚಿಪ್ ಸಾಕೆಟ್‌ನಿಂದ ಕಿತ್ತು ಬರುವುದು ತೀರಾ ಸಾಮಾನ್ಯ. ಬಾಗಿದ ಪಿನ್ ನೆಟ್ಟಗೆ ಮಾಡಬಹುದು. ಮುರಿದದ್ದು ಕಷ್ಟ. ಓರೆಯಾಗಿ, ಎರಡು ದಿಕ್ಕಿನಿಂದ ತೆಗೆದ ಫೋಟೋ ಕೇಳಿ. ಸಾಲುಗಳು ನೇರವಾಗಿ ಕಾಣಬೇಕು.

ಇಂಟೆಲ್ ಡೆಸ್ಕ್‌ಟಾಪ್ ಚಿಪ್‌ಗಳಲ್ಲೂ ಎಎಮ್4 ನಂತರ ಬಂದ ಎಎಮ್5 ಸಾಕೆಟ್‌ನ ರೈಜೆನ್‌ಗಳಲ್ಲೂ ಪಿನ್ ಬೋರ್ಡ್ ಕಡೆ ಇರುತ್ತದೆ. ಚಿಪ್ ಕೆಳಗೆ ಚಿನ್ನದ ಬಣ್ಣದ ಸಣ್ಣ ಚುಕ್ಕೆಗಳಿರುತ್ತವೆ, ಪ್ಯಾಡ್ ಅಂತಾರೆ. ಹಲವು ಚಿಪ್‌ಗಳಲ್ಲಿ ನಡುವೆ ಸಾಸಿವೆಯಷ್ಟು ಚಿಕ್ಕ ಕೆಪಾಸಿಟರ್‌ಗಳ ಗುಂಪು ಇರುತ್ತದೆ. ಪ್ಯಾಡ್ ಕಪ್ಪಗಾಗಿದ್ದರೆ ಅಲ್ಲಿ ಸುಟ್ಟಿದೆ. ಅಸಲಿ ಫೋಟೋದಲ್ಲಿ ಇರುವ ಕೆಪಾಸಿಟರ್ ಇಲ್ಲಿ ಕಾಣದಿದ್ದರೆ ಉದುರಿದೆ. ಈ ಜೋಡಣೆ ಚಿಪ್‌ನಿಂದ ಚಿಪ್‌ಗೆ ಬೇರೆ ಇರುವುದರಿಂದ ಹೆಸರು ಬದಲಿಸಿದ ಮೋಸವೂ ಇಲ್ಲೇ ಸಿಕ್ಕಿಬೀಳುತ್ತದೆ. ಮೇಲೆ ಕೆತ್ತಿದ್ದನ್ನು ಉಜ್ಜಬಹುದು, ಕೆಳಗಿನದನ್ನು ಬದಲಿಸುವುದು ಸುಲಭವಲ್ಲ.

5. ಯಾವ ದಾರಿಯಿಂದ ಬಂದಿರಬಹುದು

ಮೂಲ ಗೊತ್ತಿಲ್ಲ ಅಂದರೂ ದಾರಿಗಳು ಬೆರಳೆಣಿಕೆಯಷ್ಟೇ.

ಇಎಸ್ ಅಂದರೆ ಎಂಜಿನಿಯರಿಂಗ್ ಸ್ಯಾಂಪಲ್. ಚಿಪ್ ಬಿಡುಗಡೆಗೆ ಮುಂಚೆ ಬೋರ್ಡ್ ತಯಾರಕರಿಗೆ ಪರೀಕ್ಷೆಗೆ ಕೊಡುವ ಮಾದರಿ. ಕ್ಯೂಎಸ್ ಅಂದರೆ ಕ್ವಾಲಿಫಿಕೇಶನ್ ಸ್ಯಾಂಪಲ್, ಬಿಡುಗಡೆಯ ಚಿಪ್‌ಗೆ ತೀರಾ ಹತ್ತಿರದ ಕೊನೆಯ ಮಾದರಿ. ಇಂಟೆಲ್ ಪ್ರಕಾರ ಇವು ಅದರದೇ ಆಸ್ತಿ, ಎರವಲು ಕೊಟ್ಟದ್ದು, ಮಾರುವಂತಿಲ್ಲ. ವಾರಂಟಿಯ ಪ್ರಶ್ನೆಯೇ ಇಲ್ಲ. ಇಎಸ್‌ನ ವೇಗ ಕಡಿಮೆ ಇರಬಹುದು, ಕೆಲವು ಸೌಲಭ್ಯ ಇಲ್ಲದಿರಬಹುದು. ಎಲ್ಲಕ್ಕಿಂತ ದೊಡ್ಡ ತೊಂದರೆ ಬಯೋಸ್‌ನದು. ಇವತ್ತು ಓಡುವ ಇಎಸ್, ನಾಳೆ ಬಯೋಸ್ ಅಪ್‌ಡೇಟ್ ಮಾಡಿದ ಮೇಲೆ ಓಡದೆ ಹೋಗಬಹುದು, ಏಕೆಂದರೆ ಹೊಸ ಬಯೋಸ್‌ನಲ್ಲಿ ಹಳೇ ಮಾದರಿಗಳ ಮೈಕ್ರೋಕೋಡ್ ತೆಗೆದುಹಾಕಿರುತ್ತಾರೆ. ಮೈಕ್ರೋಕೋಡ್ ಅಂದರೆ ಚಿಪ್‌ನ ಒಳಗಿನ ನಡವಳಿಕೆಯನ್ನು ತಿದ್ದುವ ಸಣ್ಣ ತಂತ್ರಾಂಶ. ದಿನನಿತ್ಯದ ಕಂಪ್ಯೂಟರಿಗೆ ಇಎಸ್ ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ, ಎಷ್ಟೇ ಅಗ್ಗವಿರಲಿ.

ಸರ್ವರ್‌ನಿಂದ ಕಳಚಿದವು ಇನ್ನೊಂದು ದಾರಿ. ದೊಡ್ಡ ಡೇಟಾ ಸೆಂಟರ್‌ಗಳು ಒಂದೇ ಸಲ ಸಾವಿರಗಟ್ಟಲೆ ಯಂತ್ರ ಬದಲಿಸುತ್ತವೆ. ಜಿಯಾನ್ ಇ5 ವಿ3, ವಿ4 ಚಿಪ್‌ಗಳು ಅಷ್ಟು ಅಗ್ಗವಾಗಿ ಸಿಗುವುದು ಇದರಿಂದಲೇ. ಮೇಲೆ ಹೇಳಿದ ಇ5-2680 ವಿ4ನಲ್ಲಿ 14 ಕೋರ್, 28 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲುಗಳು) ಇವೆ. ತಣ್ಣನೆ ಕೋಣೆಯಲ್ಲಿ, ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವುದು) ಆಗದೆ ದುಡಿದ ಇಂಥ ಚಿಪ್‌ಗಳು ಮೂಲ ಗೊತ್ತಿಲ್ಲದವುಗಳಲ್ಲೇ ಹೆಚ್ಚು ನಂಬಬಹುದಾದವು. ಎಲ್‌ಜಿಎ 2011-3 ಬೋರ್ಡ್ ಬೇಕು, ಒಂದೊಂದು ಕೋರ್‌ನ ವೇಗ ಇವತ್ತಿನ ಲೆಕ್ಕಕ್ಕೆ ಕಡಿಮೆ, ಅದು ಗೊತ್ತಿರಲಿ.

ಆದರೆ ಎಎಮ್‌ಡಿಯ ಸರ್ವರ್ ಚಿಪ್ ಎಪಿಕ್ ಮತ್ತು ಥ್ರೆಡ್‌ರಿಪ್ಪರ್ ಪ್ರೊ ಕೊಳ್ಳುವಾಗ ಒಂದು ಬೀಗದ ಬಗ್ಗೆ ಎಚ್ಚರ ಬೇಕು. ಪ್ಲಾಟ್‌ಫಾರ್ಮ್ ಸೆಕ್ಯೂರ್ ಬೂಟ್, ಚಿಕ್ಕದಾಗಿ ಪಿಎಸ್‌ಬಿ, ಅಂತ ಅದರ ಹೆಸರು. ಕಂಪ್ಯೂಟರ್ ತಯಾರಕರು ಇದನ್ನು ಚಾಲೂ ಮಾಡಿದ್ದರೆ ಚಿಪ್ ಒಳಗಿನ ಫ್ಯೂಸ್‌ಗಳಲ್ಲಿ ಅವರ ಕೀಲಿಯ ಗುರುತು ಸುಟ್ಟು ಕೂರುತ್ತದೆ. ಆಮೇಲೆ ಆ ಚಿಪ್ ಅದೇ ಕಂಪನಿಯ ಬಯೋಸ್ ಇರುವ ಬೋರ್ಡ್‌ನಲ್ಲಿ ಮಾತ್ರ ಎದ್ದೇಳುತ್ತದೆ. ಬಿಚ್ಚಲು ಬರುವುದಿಲ್ಲ. ಡೆಲ್‌ನ ಎಪಿಕ್ ಸರ್ವರ್‌ಗಳು, ಲೆನೊವೊದ ಥ್ರೆಡ್‌ರಿಪ್ಪರ್ ಪ್ರೊ ವರ್ಕ್‌ಸ್ಟೇಷನ್‌ಗಳು ಇದಕ್ಕೆ ತಿಳಿದ ಉದಾಹರಣೆ. ಹೊರಗಿನಿಂದ ನೋಡಿದರೆ ಈ ಬೀಗ ಕಾಣುವುದೇ ಇಲ್ಲ. ಹಾಗಾಗಿ "ವೆಂಡರ್ ಲಾಕ್ ಇದೆಯಾ, ಯಾವ ಬೋರ್ಡ್‌ನಲ್ಲಿ ಪರೀಕ್ಷೆ ಮಾಡಿದಿರಿ" ಅಂತ ಬರವಣಿಗೆಯಲ್ಲಿ ಕೇಳಿ.

ಲ್ಯಾಪ್‌ಟಾಪ್ ಚಿಪ್ಪನ್ನು ಡೆಸ್ಕ್‌ಟಾಪ್ ಸಾಕೆಟ್‌ಗೆ ಹೊಂದುವ ತಟ್ಟೆಯ ಮೇಲೆ ಬೆಸೆದು ಮಾರುವವರೂ ಇದ್ದಾರೆ. ಇವಕ್ಕೆ ತಿದ್ದಿದ ಬಯೋಸ್ ಬೇಕಾಗುತ್ತದೆ. ಬಯೋಸ್ ತಿದ್ದುವುದು ನಿಮಗೆ ಹವ್ಯಾಸ ಆಗಿದ್ದರೆ ಸರಿ, ಇಲ್ಲವಾದರೆ ಬಿಟ್ಟುಬಿಡಿ.

ಕೊನೆಯದಾಗಿ ಇಂಟೆಲ್ 13 ಮತ್ತು 14ನೇ ತಲೆಮಾರು. ಇದು ಅಸಲಿ ಚಿಪ್‌ನದೇ ಸಮಸ್ಯೆ, ಅದಕ್ಕೇ ಹೆಚ್ಚು ಎಚ್ಚರ ಬೇಕು. 65 ವಾಟ್ ಮತ್ತು ಅದಕ್ಕಿಂತ ಮೇಲಿನ ಡೆಸ್ಕ್‌ಟಾಪ್ ಚಿಪ್‌ಗಳು ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿದ್ದವು, ಅದರಿಂದ ಕ್ರಮೇಣ ಒಳಗೇ ಹಾಳಾಗುತ್ತಿದ್ದವು. ಇಂಟೆಲ್ 2024ರ ಆಗಸ್ಟ್‌ನಲ್ಲಿ 0ಎಕ್ಸ್129, ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಅನ್ನುವ ಮೈಕ್ರೋಕೋಡ್ ಬಿಟ್ಟಿತು. ಡಬ್ಬಿಯಲ್ಲಿ ಬಂದ ಚಿಪ್‌ಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಈ ತಿದ್ದುಪಡಿ ಮುಂದಿನ ಹಾನಿಯನ್ನು ತಡೆಯುತ್ತದೆ, ಆಗಲೇ ಆದ ಹಾನಿಯನ್ನು ಸರಿ ಮಾಡುವುದಿಲ್ಲ. ಅಂದರೆ ಹಿಂದಿನ ಮಾಲೀಕರು ಹಳೇ ಬಯೋಸ್‌ನಲ್ಲಿ ಎರಡು ವರ್ಷ ಓಡಿಸಿದ್ದರೆ ಅದರ ಫಲ ನಿಮ್ಮ ಪಾಲಿಗೆ. ಡಬ್ಬಿ, ಬಿಲ್ಲು, ಬ್ಯಾಚ್ ನಂಬರ್ ಮೂರೂ ಇದ್ದು ವಾರಂಟಿ ಉಳಿದಿದ್ದರೆ ಮಾತ್ರ ಈ ಚಿಪ್‌ಗಳನ್ನು ನೋಡಿ.

6. ಮಾರುವವರಿಗೆ ಬರೆಯುವುದು

ಫೋನ್ ಬೇಡ. ಮಾರಾಟ ತಾಣದ ಮೆಸೇಜ್‌ನಲ್ಲೇ ಬರೆಯಿರಿ, ಆಮೇಲೆ ದೂರು ಕೊಡಬೇಕಾದರೆ ಅದೇ ಸಾಕ್ಷಿ. ನಾನು ಹೀಗೆ ಬರೆಯುತ್ತೇನೆ:

"ನಮಸ್ಕಾರ. ನಿಮ್ಮ ಪ್ರೊಸೆಸರ್ ಕೊಳ್ಳುವ ಆಸಕ್ತಿ ಇದೆ. ಪೇಸ್ಟ್ ಒರೆಸಿದ ಮೇಲ್ಭಾಗದ ಮತ್ತು ಕೆಳಭಾಗದ ಫೋಟೋ ಕಳಿಸ್ತೀರಾ? ಪಕ್ಕದಲ್ಲಿ ಇವತ್ತಿನ ತಾರೀಖು ಬರೆದ ಚೀಟಿ ಇಡಿ. ಇದು ಇಎಸ್ ಅಥವಾ ಕ್ಯೂಎಸ್ ಅಲ್ಲ ತಾನೇ? ಯಾವ ಬೋರ್ಡ್‌ನಲ್ಲಿ ಓಡಿಸಿದ್ದೀರಿ? ಓವರ್‌ಕ್ಲಾಕ್ ಮಾಡಿದ್ದಿರಾ? ಕೆಲಸ ಮಾಡದಿದ್ದರೆ ಎಷ್ಟು ದಿನದೊಳಗೆ ವಾಪಸ್ ತಗೊಳ್ತೀರಿ?"

ಪ್ರಾಮಾಣಿಕವಾಗಿ ಮಾರುವವರಿಗೆ ಇದು ಐದು ನಿಮಿಷದ ಕೆಲಸ. "ಗೊತ್ತಿಲ್ಲ, ಗೋದಾಮಿನಿಂದ ಬಂದದ್ದು" ಅಂತ ನೇರವಾಗಿ ಹೇಳಿ ಫೋಟೋ ಕಳಿಸಿದರೆ ಅದು ಒಳ್ಳೆಯ ಉತ್ತರವೇ. ಫೋಟೋ ಕೊಡದೆ "ಇನ್ನಿಬ್ಬರು ಕೇಳ್ತಿದ್ದಾರೆ, ಬೇಗ ಹೇಳಿ" ಅಂದರೆ ಆ ಇಬ್ಬರಿಗೇ ಬಿಟ್ಟುಕೊಡಿ.

7. ದುಡ್ಡು ಕೊಡುವಾಗ

ತಾಣದ ಒಳಗೇ ಪಾವತಿಸಿ. "ನೇರವಾಗಿ ಕಳಿಸಿದರೆ ಕಡಿಮೆ ಮಾಡ್ತೀನಿ" ಅನ್ನುವ ಮಾತಿಗೆ ಒಪ್ಪಿದ ಕ್ಷಣವೇ ಖರೀದಿದಾರರ ರಕ್ಷಣೆ ಹೋಯಿತು. ರಿಟರ್ನ್ ಗಡುವು ಶುರುವಾಗುವುದು ಆರ್ಡರ್ ದಿನದಿಂದಲೋ ಕೈಸೇರಿದ ದಿನದಿಂದಲೋ ಓದಿಕೊಳ್ಳಿ. ವಾಪಸ್ ಕಳಿಸುವ ಖರ್ಚು ಯಾರದು ಅನ್ನುವುದನ್ನೂ ನೋಡಿ, ದೂರದಿಂದ ಬರುವ ಅಗ್ಗದ ಚಿಪ್‌ಗೆ ಆ ಖರ್ಚೇ ಜಾಸ್ತಿ ಆಗಬಹುದು.

8. ಪಾರ್ಸೆಲ್ ತೆರೆಯುವುದು

ತೆರೆಯುವ ಮುಂಚೆ ವಿಡಿಯೋ ಶುರು ಮಾಡಿ. ಮೊದಲು ವಿಳಾಸದ ಚೀಟಿ, ಆಮೇಲೆ ಟೇಪು, ಆಮೇಲೆ ಚಿಪ್‌ನ ಎರಡೂ ಮುಖ. ನಡುವೆ ನಿಲ್ಲಿಸಬೇಡಿ. ಕತ್ತರಿಸದ ಒಂದೇ ವಿಡಿಯೋಗೆ ಇರುವ ತೂಕ ಹತ್ತು ಫೋಟೋಗೆ ಇಲ್ಲ. ಮುಚ್ಚಳದ ಕೋಡ್‌ಗಳು ಜಾಹೀರಾತಿನ ಫೋಟೋದಲ್ಲಿದ್ದವೇ ತಾನೇ ಅಂತ ಒಂದೊಂದೇ ಅಕ್ಷರ ಓದಿ ನೋಡಿ.

ಪಿನ್ ಬಾಗಿದ್ದರೆ ಅಥವಾ ಪ್ಯಾಡ್ ಸುಟ್ಟಿದ್ದರೆ ಅಲ್ಲೇ ನಿಲ್ಲಿಸಿ. ನೆಟ್ಟಗೆ ಮಾಡಲು ಹೋಗಬೇಡಿ, ಬೋರ್ಡ್‌ಗೆ ಹಾಕಿ ನೋಡಬೇಡಿ. ಮುಟ್ಟಿದರೆ "ನೀವೇ ಬಗ್ಗಿಸಿದ್ದು" ಅನ್ನುತ್ತಾರೆ. ಮೊದಲು ದೂರು. ದುಡ್ಡು ವಾಪಸ್ ಬಂದು ಚಿಪ್ ನಿಮ್ಮಲ್ಲೇ ಉಳಿದರೆ ಆಗ ಸೀಸ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್‌ನ ಕೊಳವೆಯನ್ನು ಪಿನ್‌ಗೆ ತೊಡಿಸಿ ನಿಧಾನವಾಗಿ ಎತ್ತಬಹುದು.

9. ಕೂರಿಸುವುದು

ಬೋರ್ಡ್‌ನ ಸಾಕೆಟ್‌ನದೂ ಒಂದು ಫೋಟೋ ತೆಗೆದಿಡಿ. ಇಂಟೆಲ್ ಅಥವಾ ಎಎಮ್5 ಬೋರ್ಡ್ ಆದರೆ ಸಾಕೆಟ್‌ನ ಒಂದೇ ಒಂದು ಪಿನ್ ಬಾಗಿದ್ದರೂ ಒಂದು ರ್‍ಯಾಮ್ ಸ್ಲಾಟ್ ಕಾಣದೆ ಹೋಗಬಹುದು, ಆ ಪಾಪ ಚಿಪ್‌ಗೆ ಸುತ್ತಿಕೊಳ್ಳುತ್ತದೆ. ಚಿಪ್‌ನ ಮೂಲೆಯ ತ್ರಿಕೋನ ಗುರುತು ಸಾಕೆಟ್‌ನ ಗುರುತಿಗೆ ಹೊಂದಬೇಕು. ಒತ್ತಬೇಡಿ, ಅದರ ಭಾರಕ್ಕೇ ಅದು ಕೂರಬೇಕು.

ಬಯೋಸನ್ನು ಮೂಲ ಸ್ಥಿತಿಗೆ ತನ್ನಿ. ರ್‍ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಮ್‌ಪಿ ಅಥವಾ ಎಕ್ಸ್‌ಪೊ ಆಫ್ ಇರಲಿ. ಆಮೇಲೆ ಸ್ವಿಚ್ ಹಾಕಿ.

ಪರದೆ ಬರಲಿಲ್ಲವಾ? ಗಾಬರಿ ಬೇಡ. ಎಎಮ್5 ಬೋರ್ಡ್‌ಗಳು ಹೊಸ ಚಿಪ್ ಹಾಕಿದಾಗ ಡಿಡಿಆರ್5 ರ್‍ಯಾಮನ್ನು ಹೊಂದಿಸಿಕೊಳ್ಳಲು ಮೊದಲ ಸಲ ಕೆಲವು ನಿಮಿಷ ತೆಗೆದುಕೊಳ್ಳುತ್ತವೆ, ಅಲ್ಲಿಯವರೆಗೆ ಪರದೆ ಕಪ್ಪೇ. ಹೆಸರಿನ ಕೊನೆಗೆ ಎಫ್ ಇರುವ ಇಂಟೆಲ್ ಚಿಪ್, ಜಿ ಇಲ್ಲದ ಎಎಮ್4 ರೈಜೆನ್ ಡೆಸ್ಕ್‌ಟಾಪ್ ಚಿಪ್, ಇವುಗಳಲ್ಲಿ ಗ್ರಾಫಿಕ್ಸ್ ಇಲ್ಲ. ಬೋರ್ಡ್‌ನ ಎಚ್‌ಡಿಎಮ್‌ಐಗೆ ಕೇಬಲ್ ಹಾಕಿ ಕಾದರೆ ಏನೂ ಬರುವುದಿಲ್ಲ. ಪ್ರೊಸೆಸರ್‌ಗೆ ಹೋಗುವ 8 ಪಿನ್ ಪವರ್ ಕೇಬಲ್ ಮರೆತಿರಬಹುದು. ಒಂದೇ ರ್‍ಯಾಮ್ ಕಡ್ಡಿ ಹಾಕಿ ನೋಡಿ. ಕೂಲರ್ ತೀರಾ ಬಿಗಿಯಾಗಿದ್ದರೂ ರ್‍ಯಾಮ್ ಕಾಣದಿರಬಹುದು, ಸ್ವಲ್ಪ ಸಡಿಲಿಸಿ ನೋಡಿ. ಇವೆಲ್ಲ ಆದ ಮೇಲೂ ಎದ್ದೇಳದೆ, ಹಳೇ ಚಿಪ್ ಹಾಕಿದರೆ ಎದ್ದೇಳುತ್ತದೆ ಅಂದರೆ ಹೊಸದನ್ನು ದೂರಬಹುದು.

10. ಪರೀಕ್ಷೆ

ಕಂಪ್ಯೂಟರ್ ಆನ್ ಆಯಿತು, ವಿಂಡೋಸ್ ಬಂತು, "ಚೆನ್ನಾಗಿದೆ" ಅಂತ ಒಪ್ಪಿಗೆ ಒತ್ತುವವರೇ ಜಾಸ್ತಿ. ನಾನೂ ಒಮ್ಮೆ ಹಾಗೆ ಮಾಡಿದ್ದೆ. ಎರಡು ವಾರದ ಮೇಲೆ ಎರಡನೇ ರ್‍ಯಾಮ್ ಕಡ್ಡಿ ಹಾಕಿದಾಗ ಅರ್ಧ ಮೆಮೊರಿಯೇ ಕಾಣಲಿಲ್ಲ. ಆಗ ಗಡುವು ಮುಗಿದಿತ್ತು.

ಮೊದಲು ಗುರುತು. ಸಿಪಿಯು-ಝಡ್ ಅಥವಾ ಎಚ್‌ಡಬ್ಲ್ಯುಇನ್ಫೊ ಅನ್ನುವ ತಂತ್ರಾಂಶ ತೆರೆದು ಹೆಸರು, ಕೋರ್, ಥ್ರೆಡ್, ಕ್ಯಾಶ್ (ಚಿಪ್ ಒಳಗಿನ ಚಿಕ್ಕ ಮೆಮೊರಿ), ಸ್ಟೆಪ್ಪಿಂಗ್ ಇಷ್ಟನ್ನೂ ತಯಾರಕರ ಪುಟದ ಜೊತೆ ಹೋಲಿಸಿ. ಸ್ಟೆಪ್ಪಿಂಗ್ ಅಂದರೆ ಚಿಪ್ ವಿನ್ಯಾಸದ ಎಷ್ಟನೇ ತಿದ್ದುಪಡಿ ಅನ್ನುವ ಗುರುತು. ಇಎಸ್ ಆದರೆ ಇಲ್ಲಿ ಹೆಸರಿನ ಜಾಗದಲ್ಲಿ "ಜೆನ್ಯುಯಿನ್ ಇಂಟೆಲ್ 0000" ಅಥವಾ "ಎಎಮ್‌ಡಿ ಎಂಜಿ ಸ್ಯಾಂಪಲ್" ಅಂತ ಕಾಣುವುದು ಸಾಮಾನ್ಯ. ಮುಚ್ಚಳದ ಮೇಲೆ ಏನೇ ಕೆತ್ತಿರಲಿ, ಕೋರ್ ಮತ್ತು ಕ್ಯಾಶ್ ಲೆಕ್ಕ ಇಲ್ಲಿ ಬಯಲಾಗುತ್ತದೆ.

ಎರಡನೆಯದು ಮೆಮೊರಿ. ಈಗಿನ ಚಿಪ್‌ಗಳಲ್ಲಿ ರ್‍ಯಾಮ್ ನೋಡಿಕೊಳ್ಳುವ ಭಾಗ ಪ್ರೊಸೆಸರ್ ಒಳಗೇ ಇದೆ. ಮೆಮೊರಿಗೆ ಹೋಗುವ ಎರಡೂ ದಾರಿಗೆ, ಅಂದರೆ ಚಾನೆಲ್‌ಗೆ, ಕಡ್ಡಿ ಹಾಕಿ, ಪೂರ್ತಿ ಮೆಮೊರಿ ಕಾಣುತ್ತದಾ ನೋಡಿ. ನಂತರ ಪೆನ್ ಡ್ರೈವ್‌ನಿಂದ ಮೆಮ್‌ಟೆಸ್ಟ್86 ಪ್ಲಸ್ ಓಡಿಸಿ, ಕನಿಷ್ಠ ಒಂದು ಪೂರ್ಣ ಸುತ್ತು. ಒಂದು ತಪ್ಪೂ ಬರಬಾರದು. ಬಂದರೆ ಅದೇ ಕಡ್ಡಿಗಳನ್ನು ಹಳೇ ಚಿಪ್ ಜೊತೆ ಪರೀಕ್ಷಿಸಿ, ತಪ್ಪು ಯಾರದು ಅಂತ ಗೊತ್ತಾಗುತ್ತದೆ.

ಮೂರನೆಯದು ಗ್ರಾಫಿಕ್ಸ್ ಸ್ಲಾಟ್. ಅದಕ್ಕೆ ಮಾಹಿತಿ ಓಡಾಡುವ ದಾರಿಗಳೂ (ಲೇನ್) ನೇರ ಪ್ರೊಸೆಸರ್‌ನಿಂದಲೇ ಬರುತ್ತವೆ. 16 ದಾರಿಯ ಕಾರ್ಡ್ ಹಾಕಿ ಜಿಪಿಯು-ಝಡ್‌ನಲ್ಲಿ ನೋಡಿದಾಗ 16 ಬದಲು 8 ಅಥವಾ 4 ತೋರಿಸಿದರೆ ಕಾರ್ಡನ್ನು ತೆಗೆದು ಮತ್ತೆ ಕೂರಿಸಿ. ಬೇರೆ ಸ್ಲಾಟ್‌ನಲ್ಲಿರುವ ಎಸ್‌ಎಸ್‌ಡಿ ದಾರಿ ಹಂಚಿಕೊಂಡಿದೆಯಾ ಅಂತಲೂ ಬೋರ್ಡ್ ಕೈಪಿಡಿಯಲ್ಲಿ ನೋಡಿ. ಎರಡೂ ಕಾರಣ ಇಲ್ಲದಿದ್ದರೆ ಪ್ಯಾಡ್ ಅಥವಾ ಪಿನ್ ಕಡೆ ಅನುಮಾನ ಪಡಿ.

ನಾಲ್ಕನೆಯದು ಭಾರ ಹಾಕುವುದು. ಪ್ರೈಮ್95 ಅನ್ನುವ ತಂತ್ರಾಂಶದಲ್ಲಿ ಸ್ಮಾಲ್ ಎಫ್‌ಎಫ್‌ಟಿ ಪರೀಕ್ಷೆಯನ್ನು ಒಂದು ಗಂಟೆ ಓಡಿಸಿ, ಬಿಸಿ ನೋಡುತ್ತಿರಿ. ಚಿಪ್‌ನ ಗರಿಷ್ಠ ಮಿತಿಗೆ ತಕ್ಷಣ ಏರಿದರೆ ಮೊದಲು ಪೇಸ್ಟ್ ಮತ್ತು ಕೂಲರ್ ನೋಡಿ. ಆಮೇಲೆ ಅದರಲ್ಲೇ ಬ್ಲೆಂಡ್ ಪರೀಕ್ಷೆ ರಾತ್ರಿಯಿಡೀ. ಎಲ್ಲ ಕೋರ್ ಒಟ್ಟಿಗೆ ಓಡುವಾಗ ವೇಗ ಕಡಿಮೆ ಇರುತ್ತದೆ, ಹಾಗಾಗಿ ಏಟು ತಿಂದ ಒಂದು ಕೋರ್ ಅದರಲ್ಲಿ ಪಾಸಾಗಿಬಿಡಬಹುದು. ಕೋರ್‌ಸೈಕ್ಲರ್ ಅನ್ನುವ ಉಚಿತ ಸಾಧನ ಒಂದೊಂದೇ ಕೋರನ್ನು ಅದರ ತುತ್ತತುದಿಯ ವೇಗದಲ್ಲಿ ಓಡಿಸುತ್ತದೆ. ನಾನು ಹೆಚ್ಚು ನಂಬುವುದು ಇದನ್ನೇ. ಇಂಟೆಲ್ 13, 14ನೇ ತಲೆಮಾರು ಆದರೆ ದೊಡ್ಡ ಫೈಲನ್ನು 7-ಜಿಪ್‌ನಲ್ಲಿ ಒತ್ತಿ, ಬಿಚ್ಚಿ, ಹಲವು ಸಲ ಮಾಡಿ. ಹಾನಿಯಾದ ಚಿಪ್‌ಗಳು ಫೈಲ್ ಬಿಚ್ಚುವಾಗ, ಗೇಮ್ ಶುರುವಾಗಿ ಶೇಡರ್ (ಚಿತ್ರ ಮೂಡಿಸುವ ಸಣ್ಣ ಪ್ರೋಗ್ರಾಮ್) ಸಿದ್ಧ ಮಾಡುವಾಗ ಎಡವುತ್ತವೆ. ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಬೇಕಾದಷ್ಟು ಮೆಮೊರಿ ಇದ್ದರೂ "ಔಟ್ ಆಫ್ ವಿಡಿಯೋ ಮೆಮೊರಿ" ಅಂತ ಬರುವುದು ಇದರ ಹೆಸರಾಂತ ಲಕ್ಷಣ.

ಐದನೆಯದನ್ನು ಎಲ್ಲರೂ ಬಿಡುತ್ತಾರೆ. ಒಂದು ರಾತ್ರಿ ಏನೂ ಮಾಡದೆ ಕಂಪ್ಯೂಟರ್ ಆನ್ ಇಟ್ಟುಬಿಡಿ. ಕೆಲವು ಚಿಪ್ ಭಾರ ಹೊರುತ್ತವೆ, ಆದರೆ ಸುಮ್ನೆ ಇರುವಾಗ ವೋಲ್ಟೇಜ್ ಇಳಿದು ರೀಸ್ಟಾರ್ಟ್ ಆಗುತ್ತವೆ.

ಎಲ್ಲ ಮುಗಿದ ಮೇಲೆ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು "ವಿಯಾ ಲಾಗರ್" (WHEA-Logger) ಹುಡುಕಿ. ಅಲ್ಲಿ 18 ಅಥವಾ 19ನೇ ನಂಬರಿನ ದಾಖಲೆ ಇದ್ದರೆ ಹಾರ್ಡ್‌ವೇರ್ ಎಡವಿದೆ ಅಂತ. 19 ಅಂದರೆ ಎಡವಿ ತಾನೇ ಸರಿಮಾಡಿಕೊಂಡದ್ದು, ಹಾಗಾಗಿ ನಿಮಗೆ ಪರದೆಯ ಮೇಲೆ ಏನೂ ಕಂಡಿರುವುದಿಲ್ಲ. ಲಿನಕ್ಸ್‌ನಲ್ಲಾದರೆ ಕರ್ನಲ್ ಲಾಗ್‌ನಲ್ಲಿ "ಹಾರ್ಡ್‌ವೇರ್ ಎರರ್" ಸಾಲು ಹುಡುಕಿ. ಮೂಲ ಸ್ಥಿತಿಯ ಬಯೋಸ್‌ನಲ್ಲಿ ಈ ಸಾಲುಗಳು ಮತ್ತೆ ಮತ್ತೆ ಬಂದರೆ, ಹಳೇ ಚಿಪ್‌ನಲ್ಲಿ ಬರದಿದ್ದರೆ, ವಾಪಸ್ ಕಳಿಸಿ.

11. ವಾಪಸ್ ಕಳಿಸಬೇಕಾದಾಗ

ವಿಡಿಯೋ, ಕೋಡ್‌ಗಳ ಫೋಟೋ, ಪರೀಕ್ಷೆಯ ಸ್ಕ್ರೀನ್‌ಶಾಟ್, ಹಳೇ ಚಿಪ್ ಅದೇ ಬೋರ್ಡ್‌ನಲ್ಲಿ ಓಡುತ್ತಿರುವ ಸ್ಕ್ರೀನ್‌ಶಾಟ್, ಇಷ್ಟನ್ನು ಒಂದೇ ಸಲ ಕಳಿಸಿ. ಬಂದ ಡಬ್ಬಿ, ಪ್ಲಾಸ್ಟಿಕ್ ಕವಚ ಎಸೆಯದೆ ಇಟ್ಟಿದ್ದರೆ ಅದರಲ್ಲೇ ತುಂಬಿ. ಪಿನ್ ಇರುವ ಚಿಪ್ಪನ್ನು ಮಾಮೂಲಿ ಥರ್ಮಾಕೋಲ್‌ಗೆ ಚುಚ್ಚಬೇಡಿ, ಸ್ಥಿರ ವಿದ್ಯುತ್ ತಡೆಯುವ ಫೋಮ್ ಬೇಕು. ತುಂಬುವಾಗಲೂ ವಿಡಿಯೋ ಮಾಡಿ, ಬೇರೆ ಚಿಪ್ ಕಳಿಸಿದಿರಿ ಅಂತ ಅವರು ಹೇಳಬಾರದು.

ಕೆಲವರು "ವಾಪಸ್ ಬೇಡ, ಸ್ವಲ್ಪ ದುಡ್ಡು ಹಿಂದಿರುಗಿಸ್ತೀನಿ, ಇಟ್ಕೊಳ್ಳಿ" ಅನ್ನುತ್ತಾರೆ. ಮುಚ್ಚಳದ ಮೇಲೆ ಗೀರು ಇದ್ದು ಪರೀಕ್ಷೆ ಎಲ್ಲ ಪಾಸಾಗಿದ್ದರೆ ಒಪ್ಪಿಕೊಳ್ಳಿ. ಒಂದು ಮೆಮೊರಿ ಚಾನೆಲ್ ಸತ್ತಿದ್ದು, ಉಳಿದದ್ದು ಗಟ್ಟಿಯಾಗಿದ್ದರೆ, ನಿಮಗೆ ಒಂದೇ ಚಾನೆಲ್ ಸಾಕೆನಿಸಿದರೆ, ಆಗಲೂ ಯೋಚಿಸಬಹುದು. ಆದರೆ ಕೋರ್‌ಸೈಕ್ಲರ್‌ನಲ್ಲಿ ಬಿದ್ದ ಚಿಪ್, ಲಾಗ್‌ನಲ್ಲಿ ಎರರ್ ತುಂಬಿದ ಚಿಪ್ ಆದರೆ ಅರ್ಧ ದುಡ್ಡಿಗೂ ಇಟ್ಟುಕೊಳ್ಳಬೇಡಿ. ಅಂಥದ್ದು ನಿಮ್ಮ ಫೈಲ್‌ಗಳನ್ನು ಸದ್ದಿಲ್ಲದೆ ಹಾಳು ಮಾಡುತ್ತದೆ, ಅದು ಗೊತ್ತಾಗುವ ಹೊತ್ತಿಗೆ ಬ್ಯಾಕಪ್‌ನಲ್ಲೂ ಹಾಳಾದ ಪ್ರತಿಯೇ ಕೂತಿರುತ್ತದೆ.